ಮಿನಿ ಕಾರು ರೇಸಿನ ಕಾರಾದ ಬಗೆ

ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿ, ಮಿನಿ ಕಾರನ್ನು ಮಾರುಕಟ್ಟೆಗೆ ತಂದದ್ದು 1959ರ ಆಗಸ್ಟ್ 26ರಂದು. ಆ ಕಾರು ರೇಸಿಗೆಂದು ಹುಟ್ಟಿದ್ದಲ್ಲ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತ್ತು. ಜನ ಕಡಿಮೆ ಪೆಟ್ರೋಲ್ ಕುಡಿಯುವ ಪುಟ್ಟ ಜರ್ಮನ್ ಬಬಲ್ ಕಾರುಗಳ ಕಡೆ ವಾಲಿದ್ದರು. ನಾಲ್ಕು ಜನ ಕೂರುವಂಥ, ಅಗ್ಗದ, ನಿಜವಾದ ಒಂದು ಸಣ್ಣ ಕಾರು ಬೇಕೆಂದು ಬಿಎಂಸಿಯ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ತಮ್ಮ ವಿನ್ಯಾಸಕಾರ ಅಲೆಕ್ ಇಸಿಗೊನಿಸ್ ಅವರಿಗೆ ಹೇಳಿದರು. ಕರ್ನಾಟಕದ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕೂಡ ಇದೇ ಬಿಎಂಸಿಯದು. ಆ ದೊಡ್ಡ, ದುಂಡನೆಯ ಕಾರನ್ನು ಕಂಡವರಿಗೆ ಅದೇ ಕಾರ್ಖಾನೆಯ ಬಳಗದಿಂದ ಮಿನಿಯಂಥದ್ದು ಬಂತೆಂದರೆ ಅಚ್ಚರಿಯಾಗುವುದು ಸಹಜ.

ಮಿನಿಯ ಉದ್ದ 3.05 ಮೀಟರ್, ತೂಕ ಸುಮಾರು 600 ಕಿಲೋ. ಅಷ್ಟು ಚಿಕ್ಕ ಜಾಗದಲ್ಲಿ ನಾಲ್ವರನ್ನು ಕೂರಿಸಬೇಕೆಂದರೆ ಎಂಜಿನ್ನಿಗೆ ಜಾಗ ಉಳಿಯುವುದಿಲ್ಲ. ಇಸಿಗೊನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಇಟ್ಟರು. ಗೇರ್‌ಬಾಕ್ಸನ್ನು ಅದರ ಕೆಳಗೆ, ಎಣ್ಣೆ ನಿಲ್ಲುವ ಸಂಪಿನೊಳಗೇ ಅಡಗಿಸಿದರು. ಎಂಜಿನ್ನಿಗೂ ಗೇರುಗಳಿಗೂ ಒಂದೇ ಎಣ್ಣೆ. ಓಟದ ಬಲ ಮುಂದಿನ ಚಕ್ರಗಳಿಗೆ. ಚಕ್ರಗಳ ವ್ಯಾಸ ಹತ್ತೇ ಅಂಗುಲ. ಅಷ್ಟು ಸಣ್ಣ ಟೈರನ್ನು ಡನ್‌ಲಪ್ ಕಂಪನಿ ಇದಕ್ಕೆಂದೇ ಮಾಡಿಕೊಟ್ಟಿತು. ಸಸ್ಪೆನ್ಷನ್ನಿಗೆ ಉಕ್ಕಿನ ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಕೋನ್‌ಗಳು ಬಂದವು. ಇವೆಲ್ಲವೂ ಜಾಗ ಉಳಿಸಲು ಮಾಡಿದ ಏರ್ಪಾಡುಗಳು. ಆದರೆ ನಾಲ್ಕು ಚಕ್ರಗಳೂ ಕಾರಿನ ನಾಲ್ಕು ಮೂಲೆಗಳಿಗೆ ಸರಿದದ್ದರಿಂದ, ತೂಕ ನೆಲಕ್ಕೆ ಹತ್ತಿರವಾದದ್ದರಿಂದ, ಬಿಗಿಯಾದ ರಬ್ಬರಿನ ಮೇಲೆ ಬಾಡಿ ಹೆಚ್ಚು ವಾಲದಿದ್ದುದರಿಂದ, ತಿರುವುಗಳಲ್ಲಿ ಅದು ತನಗಿಂತ ಎರಡು ಮೂರು ಪಟ್ಟು ದೊಡ್ಡ ಎಂಜಿನ್ನಿನ ಕಾರುಗಳಿಗೂ ಸರಿಸಾಟಿಯಾಗಿ ನಿಂತಿತು. ರೇಸಿನವರ ಕಣ್ಣಿಗೆ ಬಿದ್ದದ್ದು ಈ ಗುಣವೇ.

ಎಂಜಿನ್ನಿನ ಶಕ್ತಿ ಮಾತ್ರ ಅಷ್ಟಕ್ಕಷ್ಟೆ. ಆಸ್ಟಿನ್ ಎ30 ಕಾರಿಗಾಗಿ 1950ರ ದಶಕದ ಆರಂಭದಲ್ಲಿ ಬಂದ ಎ-ಸೀರೀಸ್ ಎಂಜಿನ್ನೇ ಮಿನಿಗೂ ಬಂದಿತ್ತು. ಮಾದರಿ ಕಾರುಗಳಲ್ಲಿ ಅದರ 948 ಸಿಸಿ ರೂಪವನ್ನು ಕೂರಿಸಿ ನೋಡಿದಾಗ ಕಾರು ಗಂಟೆಗೆ 145 ಕಿಮೀ ದಾಟಿತು. ಸಾಮಾನ್ಯ ಸಂಸಾರಸ್ಥನ ಕೈಗೆ ಅಷ್ಟು ವೇಗ ಕೊಡುವುದು ಬೇಡವೆಂದು ಪಿಸ್ಟನ್ನಿನ ಸ್ಟ್ರೋಕ್, ಅಂದರೆ ಅದು ಓಡಾಡುವ ದೂರ, ಕಡಿಮೆ ಮಾಡಿ 848 ಸಿಸಿಗೆ ಇಳಿಸಿದರು. ಮಾರಾಟಕ್ಕೆ ಬಂದ ಕಾರಿನ ಶಕ್ತಿ 34 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ 116 ಕಿಮೀ. ಹೀಗೆ ಕಾರ್ಖಾನೆಯೇ ಬೇಕೆಂದು ಕಳೆದ ಶಕ್ತಿಯನ್ನು ಮರಳಿ ತರುವುದರಿಂದಲೇ ಮಿನಿ ಟ್ಯೂನಿಂಗ್ ಶುರುವಾಯಿತು.

ಮೊದಲ ವರ್ಷಗಳಲ್ಲಿ ಟ್ರ್ಯಾಕಿಗೆ ಇಳಿದ ಮಿನಿಗಳು ತಮ್ಮ ದೋಷಗಳನ್ನೆಲ್ಲ ಒಂದೊಂದಾಗಿ ಬಯಲು ಮಾಡಿದವು. ರಸ್ತೆಯಲ್ಲಿ ಎಂದೂ ಬೀಳದಷ್ಟು ಭಾರ ತಿರುವುಗಳಲ್ಲಿ ಚಕ್ರದ ಮೇಲೆ ಬೀಳುತ್ತಿತ್ತು. ಒತ್ತಿದ ಉಕ್ಕಿನ ತಗಡಿನ ಚಕ್ರಗಳು ನಟ್ಟು ಕೂರುವ ನಡುಭಾಗದಲ್ಲೇ ಸೀಳತೊಡಗಿದವು. ಗಟ್ಟಿ ಚಕ್ರ ಹಾಕದೆ ರೇಸಿಗೆ ಇಳಿಯುವಂತಿಲ್ಲ ಎಂಬ ಸ್ಥಿತಿ ಬಂತು. ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದದ್ದು ಮುಂದಿನ ಜಾಲರಿಯ ಹಿಂದೆಯೇ. ಮಳೆಯಲ್ಲಿ ಮುಂದಿನ ಕಾರು ಎರಚಿದ ನೀರು ನೇರ ಅದರ ಮೇಲೆ ಬಿದ್ದು ಎಂಜಿನ್ ನಿಂತುಬಿಡುತ್ತಿತ್ತು. ಉದ್ದನೆಯ ತಿರುವಿನಲ್ಲಿ ಸಂಪಿನ ಎಣ್ಣೆಯೆಲ್ಲ ಒಂದು ಬದಿಗೆ ಹೋಗಿ, ಪಂಪು ಎಣ್ಣೆಯ ಬದಲು ಗಾಳಿ ಎಳೆದು ಬೇರಿಂಗುಗಳು ಸುಟ್ಟುಹೋಗುತ್ತಿದ್ದವು. ಇದಕ್ಕೆ ಟ್ಯೂನರ್‌ಗಳು ಕಂಡುಕೊಂಡ ಪರಿಹಾರ ಬಲು ಸರಳ: ಎಣ್ಣೆ ಎಳೆಯುವ ಕೊಳವೆಯ ಬಾಯಿಯನ್ನು ಸಂಪಿನ ಮಧ್ಯಕ್ಕೆ ತಂದರು. ಎಣ್ಣೆ ಯಾವ ಕಡೆ ಹೊರಳಿದರೂ ಮಧ್ಯದಲ್ಲಿ ಅಷ್ಟಿಷ್ಟು ಉಳಿದೇ ಉಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬ್ರೇಕಿನದು. ಏಳಂಗುಲದ ಡ್ರಮ್ಮುಗಳು ನಾಲ್ಕೈದು ಸುತ್ತು ಮುಗಿಯುವುದರೊಳಗೆ ಕಾದು ಹಿಡಿತ ಕಳೆದುಕೊಳ್ಳುತ್ತಿದ್ದವು.

ಇಷ್ಟಾದರೂ 1961ರಲ್ಲಿ ಸರ್ ಜಾನ್ ವಿಟ್‌ಮೋರ್ 848 ಸಿಸಿಯ ಆಸ್ಟಿನ್ ಮಿನಿಯಲ್ಲಿ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಶಿಪ್ ಗೆದ್ದರು. ಆ ಪಂದ್ಯಾವಳಿಯಲ್ಲಿ ಕಾರುಗಳನ್ನು ಎಂಜಿನ್ ಗಾತ್ರದ ಮೇಲೆ ವರ್ಗಗಳಾಗಿ ವಿಂಗಡಿಸಿ, ತನ್ನ ವರ್ಗದಲ್ಲಿ ಗೆದ್ದವರಿಗೆ ಅಂಕ ಕೊಡುವ ಪದ್ಧತಿ ಇತ್ತು. ಜಾಗ್ವಾರ್‌ಗಳು ಮುಂದೆ ಓಡಿಹೋದರೂ ತನ್ನ ವರ್ಗದಲ್ಲಿ ಮತ್ತೆ ಮತ್ತೆ ಗೆಲ್ಲುವ ಸಣ್ಣ ಕಾರಿಗೆ ಒಟ್ಟು ಪ್ರಶಸ್ತಿ ದಕ್ಕುವುದು ಸಾಧ್ಯವಿತ್ತು. ಮಿನಿಯ ಮುಂದಿನ ಚರಿತ್ರೆಯನ್ನೆಲ್ಲ ರೂಪಿಸಿದ್ದು ಈ ನಿಯಮ. ಇದೇ ವರ್ಷಗಳಲ್ಲಿ ಪಿಯಾನೊ ಪಾಠ ಹೇಳುತ್ತಿದ್ದ ಕ್ರಿಸ್ಟಬೆಲ್ ಕಾರ್ಲೈಲ್ ಎಂಬ ಯುವತಿಯೂ ಮಿನಿ ಓಡಿಸಿ ಅನುಭವಿ ಚಾಲಕರ ನಡುವೆ ಹೆಸರು ಮಾಡಿದರು. ದೊಡ್ಡ ಹಣವಿಲ್ಲದವರಿಗೂ ಟ್ರ್ಯಾಕಿನ ಬಾಗಿಲು ತೆರೆದದ್ದು ಈ ಕಾರಿನ ದೊಡ್ಡ ಉಪಕಾರ.

ಮಿನಿಯ ಸಾಮರ್ಥ್ಯವನ್ನು ಮೊದಲಿಗೇ ಗುರುತಿಸಿದವರು ಜಾನ್ ಕೂಪರ್. ಲಂಡನ್ ಪಕ್ಕದ ಸರ್ಬಿಟನ್‌ನಲ್ಲಿದ್ದ ಅವರ ಪುಟ್ಟ ಕಂಪನಿ, ಎಂಜಿನ್ನನ್ನು ಚಾಲಕನ ಹಿಂದಕ್ಕೆ ಇಟ್ಟ ಕಾರುಗಳಿಂದ 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ಕಿರೀಟ ಗೆದ್ದಿತ್ತು. ಎರಡೂ ವರ್ಷ ಚಾಲಕರ ಪಟ್ಟ ಅವರ ಕಾರು ಓಡಿಸಿದ ಜ್ಯಾಕ್ ಬ್ರಾಬಮ್‌ಗೆ ಸಿಕ್ಕಿತು. ಕೂಪರ್ ಫಾರ್ಮುಲಾ ಜೂನಿಯರ್ ಕಾರುಗಳಲ್ಲಿ ಬಿಎಂಸಿಯ ಎ-ಸೀರೀಸ್ ಎಂಜಿನ್ನನ್ನೇ ಬಳಸುತ್ತಿದ್ದರು. ಅದರಿಂದ ಎಷ್ಟು ಶಕ್ತಿ ಹಿಂಡಬಹುದೆಂಬ ಅಂದಾಜು ಅವರಿಗಿತ್ತು. 1959ರಲ್ಲಿ ಇಟಲಿಯ ಮೊಂಜಾ ರೇಸಿಗೆ ಮಿನಿಯೊಂದನ್ನು ರಸ್ತೆಯಲ್ಲೇ ಓಡಿಸಿಕೊಂಡು ಹೋಗಿ ಬಂದ ಮೇಲೆ, ಇದಕ್ಕೆ ಇನ್ನಷ್ಟು ಶಕ್ತಿ ಮತ್ತು ಒಳ್ಳೆಯ ಬ್ರೇಕು ಕೊಟ್ಟರೆ ಸಾಕು ಎಂಬುದು ಅವರಿಗೆ ಖಚಿತವಾಯಿತು. ಇಸಿಗೊನಿಸ್ ಅವರಿಗೆ ಮನಸ್ಸಿರಲಿಲ್ಲ. ಅವರ ಪಾಲಿಗೆ ಮಿನಿ ಜನಸಾಮಾನ್ಯರ ಕಾರು. ಕೂಪರ್ ಬಿಎಂಸಿಯ ಜಾರ್ಜ್ ಹ್ಯಾರಿಮನ್ ಅವರ ಬಳಿ ಹೋಗಿ ಒಪ್ಪಿಗೆ ಪಡೆದರು. ಒಂದು ಸಾವಿರ ಕಾರು ತಯಾರಿಸುವುದು, ಪ್ರತಿ ಕಾರಿಗೆ ಕೂಪರ್‌ಗೆ ಎರಡು ಪೌಂಡ್ ರಾಯಧನ ಕೊಡುವುದು ಎಂದು ಮಾತಾಯಿತು.

ಆ ಒಂದು ಸಾವಿರದ ಲೆಕ್ಕಕ್ಕೆ ಕಾರಣವಿತ್ತು. ಅಂತರರಾಷ್ಟ್ರೀಯ ನಿಯಮದಂತೆ ಸಲೂನ್ ಕಾರ್ ರೇಸಿನಲ್ಲಿ ಓಡುವ ಮಾದರಿ ಕನಿಷ್ಠ ಅಷ್ಟು ಸಂಖ್ಯೆಯಲ್ಲಿ ತಯಾರಾಗಿ ಮಾರಾಟಕ್ಕಿರಬೇಕು. ಇದಕ್ಕೆ ಹೋಮೊಲೊಗೇಷನ್ ಎನ್ನುತ್ತಾರೆ. ರೇಸಿನಲ್ಲಿ ಯಾವ ಬ್ರೇಕು, ಯಾವ ಎಂಜಿನ್ ಬ್ಲಾಕ್ ಬೇಕೋ ಅದನ್ನು ಮೊದಲು ಶೋರೂಮಿನ ಕಾರಿಗೇ ಹಾಕಬೇಕಾಗುತ್ತಿತ್ತು. ಇದರಿಂದ ರೇಸಿನ ಅಗತ್ಯಗಳು ರಸ್ತೆಯ ಕಾರಿಗೂ ಇಳಿದವು.

1961ರ ಸೆಪ್ಟೆಂಬರ್‌ನಲ್ಲಿ ಬಂದ ಮಿನಿ ಕೂಪರ್‌ನ ಎಂಜಿನ್ 997 ಸಿಸಿ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಕೊಂಚ ಕಿರಿದು ಮಾಡಿ, ಸ್ಟ್ರೋಕನ್ನು 81 ಮಿಮೀ ದಾಟುವಷ್ಟು ಉದ್ದ ಮಾಡಿದ್ದರು. ಎರಡು ಎಸ್‌ಯು ಕಾರ್ಬ್ಯುರೇಟರ್ ಸೇರಿ ಶಕ್ತಿ 55 ಅಶ್ವಶಕ್ತಿಗೆ ಏರಿತು, ವೇಗ ಗಂಟೆಗೆ ಸುಮಾರು 137 ಕಿಮೀ. ಮುಖ್ಯವಾದದ್ದು ಬ್ರೇಕು. ಹತ್ತಂಗುಲದ ಚಕ್ರದೊಳಗೆ ಹಿಡಿಸುವಂಥ ಏಳಂಗುಲದ ಡಿಸ್ಕ್ ಬ್ರೇಕನ್ನು ಲಾಕ್‌ಹೀಡ್ ಕಂಪನಿ ಮುಂದಿನ ಚಕ್ರಗಳಿಗೆ ಮಾಡಿಕೊಟ್ಟಿತು. 1962ರಲ್ಲಿ ಜಾನ್ ಲವ್ ಈ ಮಿನಿ ಕೂಪರಿನಲ್ಲಿ ಚಾಂಪಿಯನ್ ಆದರು. ಆದರೂ ಉದ್ದ ಸ್ಟ್ರೋಕಿನ ಎಂಜಿನ್ ಹೆಚ್ಚು ಸುತ್ತು ತಿರುಗಲು ಒಪ್ಪುವುದಿಲ್ಲ. ಪಿಸ್ಟನ್ ಹೆಚ್ಚು ದೂರ ಓಡಾಡಬೇಕಾದ್ದರಿಂದ ವೇಗ ಏರಿದಂತೆ ಕ್ರ್ಯಾಂಕಿನ ಮೇಲಿನ ಎಳೆತ ಮಿತಿಮೀರುತ್ತದೆ. ಬೋರ್ ದೊಡ್ಡದು ಮಾಡಿ ಸ್ಟ್ರೋಕ್ ಚಿಕ್ಕದು ಮಾಡುವುದೇ ದಾರಿ. ಆದರೆ ಎ-ಸೀರೀಸ್ ಬ್ಲಾಕಿನಲ್ಲಿ ಬೋರ್ ಹಿಗ್ಗಿಸಲು ಗೋಡೆಯಲ್ಲಿ ಲೋಹವೇ ಇರಲಿಲ್ಲ.

ಕವೆಂಟ್ರಿಯಲ್ಲಿದ್ದ ಮಾರಿಸ್ ಎಂಜಿನ್ಸ್ ಶಾಖೆಯಲ್ಲಿ ಎಡ್ಡಿ ಮೇಹರ್ ಮತ್ತು ಸಂಗಡಿಗರು ಫಾರ್ಮುಲಾ ಜೂನಿಯರ್ ಎಂಜಿನ್ನಿಗಾಗಿ ಈ ಗಂಟನ್ನು ಬಿಡಿಸಿದ್ದರು. ಬ್ಲಾಕಿನ ಹೊರ ಅಳತೆ ಬದಲಿಸದೆ, ತುದಿಯ ಎರಡು ಸಿಲಿಂಡರ್‌ಗಳ ಕೇಂದ್ರವನ್ನು ಕೊಂಚ ಹೊರಕ್ಕೂ, ನಡುವಿನ ಎರಡರ ಕೇಂದ್ರವನ್ನು ಒಂದಕ್ಕೊಂದು ಹತ್ತಿರಕ್ಕೂ ಸರಿಸಿದರು. ಹೀಗೆ ಸಿಕ್ಕ ಜಾಗದಲ್ಲಿ ಬೋರ್ 70.6 ಮಿಮೀಗೆ ಏರಿತು. 1963ರಲ್ಲಿ ಇದೇ ಬ್ಲಾಕ್ ಕೂಪರ್ ಎಸ್ ಎಂಬ ಹೆಸರಿನಲ್ಲಿ ರಸ್ತೆಗೆ ಬಂತು. 848ರ ಹಳೆಯ ಸ್ಟ್ರೋಕಿಗೆ ಈ ಬೋರ್ ಸೇರಿ 1071 ಸಿಸಿ, 70 ಅಶ್ವಶಕ್ತಿ. ಕ್ರ್ಯಾಂಕ್‌ಶಾಫ್ಟ್ ಒಳ್ಳೆಯ ಉಕ್ಕಿನದು, ಮೇಲ್ಮೈಗೆ ನೈಟ್ರೈಡಿಂಗ್ ಮಾಡಿ ಗಡುಸುಗೊಳಿಸಿದ್ದು. ಡಿಸ್ಕುಗಳು ಏಳೂವರೆ ಅಂಗುಲಕ್ಕೆ ಬೆಳೆದು ದಪ್ಪವಾದವು, ಜೊತೆಗೆ ಪೆಡಲಿನ ಒತ್ತಡ ಹೆಚ್ಚಿಸುವ ಸರ್ವೊ ಬಂತು. 1964ರಲ್ಲಿ ಅದೇ ಬೋರಿಗೆ ಎರಡು ಬೇರೆ ಕ್ರ್ಯಾಂಕ್ ಹಾಕಿ ಇನ್ನೆರಡು ಎಂಜಿನ್ ಮಾಡಿದರು. ಒಂದು ಲೀಟರಿನ ಒಳಗಿನ ವರ್ಗಕ್ಕೆ 970 ಸಿಸಿ, 1300ರ ಒಳಗಿನ ವರ್ಗಕ್ಕೆ 1275 ಸಿಸಿ. 970 ಪೂರ್ತಿ ರೇಸಿನ ನಿಯಮ ನೋಡಿಕೊಂಡೇ ಮಾಡಿದ ಎಂಜಿನ್, ರಸ್ತೆಯಲ್ಲಿ ಅದನ್ನು ಕೊಂಡವರು ಕಡಿಮೆ. ಆದರೆ ಸ್ಟ್ರೋಕ್ 62 ಮಿಮೀಗಿಂತ ಕಡಿಮೆ ಇದ್ದುದರಿಂದ ಅದು ಎಷ್ಟು ಸುತ್ತು ಕೇಳಿದರೂ ಕೊಡುತ್ತಿತ್ತು. ಅದೇ ವರ್ಷ ಕೆನ್ ಟಿರೆಲ್ ತಂಡದ 970ರಲ್ಲಿ ವಾರ್ವಿಕ್ ಬ್ಯಾಂಕ್ಸ್ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್ ಆದರು.

ಕಾರ್ಖಾನೆ ಬ್ಲಾಕು, ಕ್ರ್ಯಾಂಕು, ಬ್ರೇಕು ಕೊಟ್ಟಿತು. ಉಳಿದ ಶಕ್ತಿ ಬಂದದ್ದು ಸಣ್ಣ ಊರುಗಳ ಸಣ್ಣ ವರ್ಕ್‌ಶಾಪುಗಳಿಂದ. ಇವುಗಳಲ್ಲಿ ಅಗ್ರಗಣ್ಯವಾದದ್ದು ವಿಲ್ಟ್‌ಷೈರ್‌ನ ಡೌನ್‌ಟನ್ ಎಂಬ ಹಳ್ಳಿಯಲ್ಲಿ ಡೇನಿಯಲ್ ರಿಚ್ಮಂಡ್ ಮತ್ತು ಪತ್ನಿ ಬಂಟಿ ನಡೆಸುತ್ತಿದ್ದ ಡೌನ್‌ಟನ್ ಎಂಜಿನಿಯರಿಂಗ್. ರಿಚ್ಮಂಡ್ ಅವರ ಕೈಚಳಕವೆಲ್ಲ ಸಿಲಿಂಡರ್ ಹೆಡ್ಡಿನ ಮೇಲೆ. ಅವರ ಕೆಲಸದ ಮಟ್ಟ ಕಂಡು ಬಿಎಂಸಿಯೇ ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡಿತು. ಅಲ್ಲಿ ಪಳಗಿದ ಯಾನ್ ಓಡೋರ್ ಹೊರಬಂದು ಜಾನ್‌ಸ್ಪೀಡ್ ಕಟ್ಟಿದರು. ರಿಚರ್ಡ್ ಲಾಂಗ್‌ಮನ್ ಕೂಡ ಅದೇ ಗರಡಿಯವರು.

ಹೆಡ್ಡಿನ ಕೆಲಸಕ್ಕೆ ಏಕಿಷ್ಟು ಬೆಲೆ ಎಂಬುದಕ್ಕೆ ಎ-ಸೀರೀಸ್ ಹೆಡ್ಡಿನ ರಚನೆ ನೋಡಬೇಕು. ಅದರಲ್ಲಿ ನಾಲ್ಕು ಸಿಲಿಂಡರಿಗೆ ಇರುವುದು ಐದೇ ಬಾಯಿ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಬರಲು ಎರಡು, ಹೊಗೆ ಹೊರಹೋಗಲು ಮೂರು. ಒಂದನೆಯ ಮತ್ತು ಎರಡನೆಯ ಸಿಲಿಂಡರ್ ಒಂದೇ ಬಾಯಿಯಿಂದ ಉಸಿರೆಳೆಯಬೇಕು, ಮೂರು ಮತ್ತು ನಾಲ್ಕು ಇನ್ನೊಂದರಿಂದ. ನಡುವಿನ ಎರಡು ಸಿಲಿಂಡರಿನ ಹೊಗೆಗೂ ಒಂದೇ ದಾರಿ. ಉರಿಯುವ ಕ್ರಮ 1-3-4-2 ಆದ್ದರಿಂದ ಬಾಯಿ ಹಂಚಿಕೊಂಡ ಜೋಡಿ ಒಂದರ ಬೆನ್ನಿಗೆ ಒಂದು ಎಳೆದುಕೊಳ್ಳುತ್ತವೆ. ಮೊದಲು ಒಳಗಿನ ಸಿಲಿಂಡರ್ ಎಳೆಯುತ್ತದೆ. ಅದರ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಪಕ್ಕದ್ದು ತೆರೆದು, ಮೊದಲಿನದಕ್ಕೆ ಸೇರಬೇಕಾದದ್ದನ್ನು ಕಸಿದುಕೊಳ್ಳುತ್ತದೆ. ಆಮೇಲೆ ಒಂದು ಸುತ್ತು ಆ ಬಾಯಿಗೆ ಬಹುಪಾಲು ಕೆಲಸವಿಲ್ಲ. ರೇಸಿನ ಕ್ಯಾಮ್‌ಶಾಫ್ಟ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವುದರಿಂದ ಈ ಕಸಿದಾಟ ಇನ್ನೂ ಹೆಚ್ಚುತ್ತದೆ. ಹಾಗಾಗಿ ಮಿನಿಯ ಎಂಜಿನ್ನಿಗೆ ಕ್ಯಾಮ್ ಆರಿಸುವುದೇ ಒಂದು ವಿದ್ಯೆಯಾಯಿತು. ಅಬಿಂಗ್‌ಡನ್‌ನಲ್ಲಿದ್ದ ಬಿಎಂಸಿಯ ಸ್ಪೆಷಲ್ ಟ್ಯೂನಿಂಗ್ ವಿಭಾಗ ಮಾರುತ್ತಿದ್ದ 649 ಸಂಖ್ಯೆಯ ಕ್ಯಾಮ್ ಟ್ರ್ಯಾಕಿಗೆ, 731 ರ‍್ಯಾಲಿಗೆ ಎಂದು ಮಿನಿ ಬಳಗದಲ್ಲಿ ಇವತ್ತಿಗೂ ಸಂಖ್ಯೆಯಿಂದಲೇ ಕರೆಯುತ್ತಾರೆ.

ಐದು ಬಾಯಿಯನ್ನು ಬದಲಿಸಲು ನಿಯಮ ಬಿಡುತ್ತಿರಲಿಲ್ಲ. ಇರುವುದನ್ನು ತಿದ್ದಬೇಕಿತ್ತು. ಹ್ಯಾರಿ ವೆಸ್ಲೇಕ್ ರೂಪಿಸಿದ ಹೃದಯದಾಕಾರದ ದಹನಕೋಣೆಯಲ್ಲಿ ಎರಡು ವಾಲ್ವುಗಳ ನಡುವೆ ಮೂಗಿನಂತೆ ಚಾಚಿದ ಒಂದು ಏಣು ಇರುತ್ತದೆ. ಅದನ್ನು ಹದವಾಗಿ ಸವೆಸಿದರೆ ವಾಲ್ವಿನ ಸುತ್ತ ಮಿಶ್ರಣ ಸರಾಗವಾಗಿ ಹರಿಯುತ್ತದೆ. ಹೆಚ್ಚು ಸವೆಸಿದರೆ ಕೋಣೆ ದೊಡ್ಡದಾಗಿ ಕಂಪ್ರೆಷನ್ ಇಳಿಯುತ್ತದೆ, ಇಲ್ಲವೇ ನೀರಿನ ದಾರಿಗೆ ತೂತು ಬೀಳುತ್ತದೆ. ಕೆಲಸಗಾರ ಕೈಯಲ್ಲಿ ಗ್ರೈಂಡರ್ ಹಿಡಿದು ಬಾಯಿಯೊಳಗಿನ ಎರಕದ ಗಂಟುಗಳನ್ನು ತೆಗೆದು, ವಾಲ್ವಿನ ಕೆಳಗಿನ ತಿರುವನ್ನು ದುಂಡಗೆ ಮಾಡಿ, ನಾಲ್ಕೂ ಕೋಣೆಗಳನ್ನು ಒಂದೇ ಅಳತೆಗೆ ತರುತ್ತಿದ್ದ. ಅಳೆಯುವ ಬಗೆ ಹೀಗೆ: ಹೆಡ್ಡನ್ನು ಬೋರಲು ಹಾಕಿ, ವಾಲ್ವು ಮತ್ತು ಪ್ಲಗ್ಗು ಕೂರಿಸಿ, ಕೋಣೆಯ ಮೇಲೆ ಸಣ್ಣ ತೂತಿರುವ ಪಾರದರ್ಶಕ ಹಾಳೆಯನ್ನು ಗ್ರೀಸ್ ಹಚ್ಚಿ ಅಂಟಿಸಬೇಕು. ಆಮೇಲೆ ರಸಾಯನಶಾಲೆಯ ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಡುತ್ತ, ಒಳಗಿನ ಗಾಳಿಗುಳ್ಳೆ ಮಾಯವಾಗುವವರೆಗೆ ಎಷ್ಟು ಹಿಡಿಯಿತೆಂದು ಓದಬೇಕು. ನಾಲ್ಕರಲ್ಲಿ ಅತಿ ದೊಡ್ಡದು ಯಾವುದೋ ಅದಕ್ಕೆ ಉಳಿದ ಮೂರನ್ನು ಸವೆಸಿ ಸರಿಹೊಂದಿಸಿ, ಕೊನೆಗೆ ಹೆಡ್ಡಿನ ತಳವನ್ನು ಹೆರೆದು ಬೇಕಾದ ಕಂಪ್ರೆಷನ್ನಿಗೆ ತರಬೇಕು. ಒಂದು ಹೆಡ್ಡಿಗೆ ದಿನಗಟ್ಟಲೆ ಹಿಡಿಯುವ ಕೆಲಸ. ಹೀಗೆ ತಯಾರಾದ ಹೆಡ್ಡು, ವೆಬರ್ ಕಾರ್ಬ್ಯುರೇಟರ್, ನಡುವಿನ ಕೊಳವೆ ಉದ್ದವಿರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇವೆಲ್ಲ ಸೇರಿದರೆ 1275 ಎಂಜಿನ್ 100 ಅಶ್ವಶಕ್ತಿಯನ್ನು ಮೀರುತ್ತಿತ್ತು. ಬೋರನ್ನು ಒಂದಂಗುಲದ ಸಾವಿರದಲ್ಲಿ ಇಪ್ಪತ್ತು ಭಾಗದಷ್ಟು ಹಿಗ್ಗಿಸಿದರೆ 1293 ಸಿಸಿ ಆಗುತ್ತದೆ, 1300ರ ಗೆರೆಯ ಒಳಗೇ ಉಳಿಯುತ್ತದೆ. ಜೋಡಿ ಗಂಟಲಿನ ಒಂದು ವೆಬರ್ ಕೂರಿಸಲು ಡ್ಯಾಶ್‌ಬೋರ್ಡಿನ ಹಿಂದಿನ ತಗಡನ್ನೇ ಕೊರೆದು ಜಾಗ ಮಾಡಬೇಕಾಗುತ್ತಿತ್ತು.

ಶಕ್ತಿ ಹೆಚ್ಚಿದಂತೆ ಅದನ್ನು ನೆಲಕ್ಕೆ ಮುಟ್ಟಿಸುವ ಕೆಲಸ ಮುಂದೆ ಬಂತು. ತಿರುವಿನಲ್ಲಿ ಒಳಬದಿಯ ಮುಂಚಕ್ರ ಹಗುರವಾಗಿ ಸುಮ್ಮನೆ ಸುತ್ತತೊಡಗುತ್ತದೆ, ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದನ್ನು ತಡೆಯಿತು, ಆದರೆ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯತೊಡಗಿತು. ಗೇರುಗಳ ಓರೆ ಹಲ್ಲಿನ ಬದಲು ನೇರ ಹಲ್ಲು ಬಂತು. ಸದ್ದು ಹೆಚ್ಚು, ಶಕ್ತಿಯ ನಷ್ಟ ಕಡಿಮೆ. ರಬ್ಬರ್ ಕೋನ್ ಮತ್ತು ಸಸ್ಪೆನ್ಷನ್ ಕೈಯ ನಡುವೆ ನಿಲ್ಲುವ ಅಲ್ಯುಮಿನಿಯಂ ಊರುಗೋಲನ್ನು ಕತ್ತರಿಸಿ ಗಿಡ್ಡ ಮಾಡಿದರೆ ಕಾರು ನೆಲಕ್ಕೆ ತಗ್ಗುತ್ತದೆ. ಕೆಳಗಿನ ಕೈಯನ್ನು ಉದ್ದ ಮಾಡಿದರೆ ಚಕ್ರದ ತಲೆ ಒಳಕ್ಕೆ ಓರೆಯಾಗಿ, ಕಾರು ವಾಲಿದಾಗ ಟೈರಿನ ಪೂರ್ತಿ ಅಗಲ ನೆಲ ಹಿಡಿಯುತ್ತದೆ. 1964ರಿಂದ ಕಾರ್ಖಾನೆ ದ್ರವ ತುಂಬಿದ ಹೈಡ್ರೊಲಾಸ್ಟಿಕ್ ಸಸ್ಪೆನ್ಷನ್ ಹಾಕತೊಡಗಿದರೂ ಟ್ರ್ಯಾಕಿನವರಲ್ಲಿ ಹೆಚ್ಚಿನವರು ಹಳೆಯ ರಬ್ಬರ್ ಕೋನನ್ನೇ ಮೆಚ್ಚಿದರು. ಮುಂಚಕ್ರದ ಘಟಕ ಹಿಂಚಕ್ರದ ಘಟಕಕ್ಕೆ ದ್ರವ ತಳ್ಳುವ ಈ ಏರ್ಪಾಡಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಮೂಗು ಬಗ್ಗಿಸುತ್ತಿತ್ತು. ಮ್ಯಾಗ್ನೀಸಿಯಂ ಮಿಶ್ರಲೋಹದ ಹಗುರ ಮಿನಿಲೈಟ್ ಚಕ್ರಗಳೂ ಇದೇ ದಶಕದಲ್ಲಿ ಬಂದು, ಹಳೆಯ ಚಕ್ರದ ಸಮಸ್ಯೆಗೆ ಕೊನೆ ಹಾಡಿದವು.

ಓಡಿಸುವ ರೀತಿಯೂ ಬದಲಾಯಿತು. ಮುಂಚಕ್ರದಿಂದ ಎಳೆಯುವ ಕಾರು ತಿರುವಿನಲ್ಲಿ ಹೊರಕ್ಕೆ ಹೋಗಲು ನೋಡುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಬಾಲ ಬೀಸುತ್ತದೆ. ಜಾನ್ ರೋಡ್ಸ್ ಇದನ್ನೇ ಉಪಾಯ ಮಾಡಿಕೊಂಡರು. ಕಾರನ್ನು ಅಡ್ಡಕ್ಕೆ ಎಸೆದು, ಆ ಜಾರುವಿಕೆಯಿಂದಲೇ ವೇಗ ಇಳಿಸಿ, ಮುಂದಿನ ಟೈರುಗಳಿಂದ ಬಿಳಿ ಹೊಗೆ ಎಬ್ಬಿಸುತ್ತ ತಿರುವಿನಿಂದ ಹೊರಬರುತ್ತಿದ್ದರು. 1960ರ ದಶಕದ ನಡುವಿನ ವರ್ಷಗಳಲ್ಲಿ 1300 ಸಿಸಿ ವರ್ಗ ಹೆಚ್ಚುಕಡಿಮೆ ಅವರದೇ ಆಗಿತ್ತು.

ಬ್ರಿಟನ್ನಿನ ಹೊರಗೆ ಮಿನಿಯ ಅತಿ ದೊಡ್ಡ ಟ್ರ್ಯಾಕ್ ಗೆಲುವು ಆಸ್ಟ್ರೇಲಿಯದ ಬಾಥರ್ಸ್ಟ್‌ನದು. 1966ರ 500 ಮೈಲಿಯ ಓಟದಲ್ಲಿ ರೌನೊ ಆಲ್ಟೊನೆನ್ ಮತ್ತು ಬಾಬ್ ಹೋಲ್ಡನ್ ಜೋಡಿ ಕೂಪರ್ ಎಸ್ ಓಡಿಸಿ ಗೆದ್ದಿತು. ಮೊದಲ ಒಂಬತ್ತು ಸ್ಥಾನಗಳೂ ಮಿನಿಗಳ ಪಾಲಾದವು. ಮಾರಾಟದ ಕಾರನ್ನು ಹೆಚ್ಚು ಬದಲಿಸದೆ ಓಡಿಸಬೇಕಾದ ಪಂದ್ಯ ಅದು. ಮಾಂಟೆ ಕಾರ್ಲೊ ರ‍್ಯಾಲಿಯ 1964, 1965, 1967ರ ಗೆಲುವುಗಳಿಗೆ ಹೆಚ್ಚು ಹೆಸರು ಬಂದಿದ್ದರೂ, ಕಾರಿನ ಮೂಲ ಗುಣಕ್ಕೆ ಬಾಥರ್ಸ್ಟ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬ್ರಿಟಿಷ್ ಚಾಂಪಿಯನ್‌ಶಿಪ್ 1966ರಿಂದ ಹೆಚ್ಚು ಬದಲಾವಣೆಗೆ ಅವಕಾಶವಿರುವ ಗ್ರೂಪ್ 5 ನಿಯಮಕ್ಕೆ ಹೊರಳಿದಾಗ ಐದು ಬಾಯಿಯ ಬಂಧನ ಸಡಿಲಿತು. ಪ್ರತಿ ಸಿಲಿಂಡರಿಗೆ ಎರಡು ಪ್ರತ್ಯೇಕ ಬಾಯಿಯಿರುವ ಎಂಟು ಬಾಯಿಯ ಹೆಡ್ಡು, ಕಾರ್ಬ್ಯುರೇಟರ್ ಬದಲು ಲ್ಯೂಕಸ್ ಇಂಜೆಕ್ಷನ್ ಬಂದವು. 1969ರಲ್ಲಿ ಅಲೆಕ್ ಪೂಲ್ ಆರ್ಡೆನ್ ವರ್ಕ್‌ಶಾಪ್ ತಯಾರಿಸಿದ ಒಂದು ಲೀಟರಿನ ಒಳಗಿನ ಮಿನಿಯಲ್ಲಿ ಚಾಂಪಿಯನ್ ಆದರು. ಆದರೆ ಅಷ್ಟು ಹೊತ್ತಿಗೆ ಖರ್ಚು ಹವ್ಯಾಸಿಯ ಕೈಮೀರಿತ್ತು. ಬಿಎಂಸಿ ವಿಲೀನವಾಗಿದ್ದ ಬ್ರಿಟಿಷ್ ಲೇಲ್ಯಾಂಡ್ ಕಂಪನಿಯ ಆಡಳಿತ 1970ರಲ್ಲಿ ಅಬಿಂಗ್‌ಡನ್‌ನ ರೇಸ್ ವಿಭಾಗವನ್ನು ಮುಚ್ಚಿತು, 1971ರಲ್ಲಿ ಕೂಪರ್ ಜೊತೆಗಿನ ಒಪ್ಪಂದವನ್ನೂ ಕೊನೆಗೊಳಿಸಿತು. ಕಾರಿಗೆ ಅಷ್ಟು ಕೀರ್ತಿ ತಂದ ಹೆಸರನ್ನು ಎರಡು ಪೌಂಡಿನ ರಾಯಧನ ಉಳಿಸಲು ಬಿಟ್ಟುಕೊಟ್ಟದ್ದು ದೂರದೃಷ್ಟಿಯಿಲ್ಲದ ತೀರ್ಮಾನ.

ಕಾರ್ಖಾನೆ ಕೈಬಿಟ್ಟರೂ ಮಿನಿ ರೇಸ್ ನಿಲ್ಲಲಿಲ್ಲ. ಖರ್ಚು ಹಿಡಿತದಲ್ಲಿಟ್ಟು ಬಹುಪಾಲು ಮೂಲರೂಪದ 850 ಎಂಜಿನ್ನಿನಲ್ಲಿ ಓಡುತ್ತಿದ್ದ ಮಿನಿ ಸೆವೆನ್ ಸರಣಿ 1966ರಲ್ಲೇ ಶುರುವಾಗಿತ್ತು. 1970ರಲ್ಲಿ ಹೆಚ್ಚು ಬದಲಾವಣೆಗೆ ಅವಕಾಶವಿರುವ ಮಿನಿ ಮಿಲ್ಯ ಬಂತು. ಮುಂದೆ ಫಾರ್ಮುಲಾ ಒನ್ ಪಟ್ಟ ಏರಿದ ನಿಕಿ ಲೌಡಾ ಮತ್ತು ಜೇಮ್ಸ್ ಹಂಟ್ ಇಬ್ಬರೂ ಶುರು ಮಾಡಿದ್ದು ಮಿನಿಯಲ್ಲೇ. ಡೌನ್‌ಟನ್‌ನಲ್ಲಿ ಪಳಗಿದ ರಿಚರ್ಡ್ ಲಾಂಗ್‌ಮನ್ 1978 ಮತ್ತು 1979ರಲ್ಲಿ ತಾವೇ ಸಿದ್ಧಪಡಿಸಿದ ಮಿನಿ 1275 ಜಿಟಿಯಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಕಾರು ಹುಟ್ಟಿ ಸುಮಾರು ಇಪ್ಪತ್ತು ವರ್ಷವಾದ ಮೇಲೆ ಬಂದ ಪ್ರಶಸ್ತಿಗಳವು.

ಮೂಲ ಮಿನಿಯ ತಯಾರಿಕೆ 2000ದ ಅಕ್ಟೋಬರ್‌ನಲ್ಲಿ ನಿಂತಿತು. ಅಷ್ಟರಲ್ಲಿ 53 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಮಿನಿ ಸೆವೆನ್ ಮತ್ತು ಮಿನಿ ಮಿಲ್ಯ ಸರಣಿಗಳು ಅದಾದ ಮೇಲೂ ಮುಂದುವರಿದಿವೆ. ಅವುಗಳಿಗೆ ಬೇಕಾದ ಹೊಸ ಬಾಡಿಗಳನ್ನು ಆಕ್ಸ್‌ಫರ್ಡ್‌ಷೈರ್‌ನ ವಿಟ್ನಿಯಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ತಯಾರಿಸಿಕೊಡುತ್ತದೆ.